ಖಾಲಿ ಪಂಜರದ ಬಾಟಲಿ

ಜೂನ್ ೮, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಕಾಗದಗಳೂ ಬಂದು ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿವೆ. ಉತ್ತರ ತಡವಾದದ್ದಕ್ಕೆ ನನ್ನನ್ನು ಬೈಯಬೇಡ; ಬೈಯಲೇಬೇಕಾದರೆ ಇಲಿಗಳನ್ನು ಬೈ. ಅವು ಮರಿ ಹಾಕುವ ಕಾಲದಲ್ಲಿ ಇಲಿಮನೆ ಬಿಟ್ಟು ಕದಲುವ ಹಾಗಿಲ್ಲ. ನಿನ್ನ ಮಗಳಿಗೂ ಅದೇ ಕಾಲ ಎಂಬುದು ನೆನಪಿದೆ, ಆದರೆ ನಾನು ಹೋಲಿಸಿದೆ ಎಂದು ಅವಳಿಗೆ ಹೇಳಬೇಡ. ಫೋನು ಮಾಡಬಹುದಿತ್ತು ನಿಜ. ಅವಳು ಸ್ಪೀಕರ್ ಹಾಕಿ ನನ್ನ ಮಾತನ್ನು ಅತ್ತೆ ಮಾವನಿಗೆಲ್ಲ ಕೇಳಿಸುತ್ತಾಳೆ. ಕಾಗದಕ್ಕೆ ಆ ರೋಗ ಇಲ್ಲ.

ಮನೆಯ ವರ್ತಮಾನ ಮೊದಲು. ನೀನು ಹೆರಿಗೆಗೆಂದು ಮಗಳ ಮನೆಗೆ ಹೋದಮೇಲೆ ಭಾವನೂ ನಮ್ಮ ಸಣ್ಣವನೂ ಸಂಸಾರ ಸಾಗಿಸುತ್ತಿದ್ದಾರೆ. ಸಣ್ಣವ ಅಡುಗೆ ಮಾಡುತ್ತಾನೆ, ಭಾವ ತಪ್ಪು ಹುಡುಕುತ್ತಾರೆ. ಲೆಕ್ಕದ ಮೇಷ್ಟರು ನಿವೃತ್ತರಾದರೂ ಕೆಂಪು ಶಾಯಿ ಇನ್ನೂ ಒಣಗಿಲ್ಲ. ನಮ್ಮ ಪ್ರಯೋಗಾಲಯದ ಉಗ್ರಾಣಕ್ಕೆ ಅವರನ್ನು ಸೇರಿಸಿದ್ದು ಒಳ್ಳೆಯದೇ ಆಯಿತು. ಹೊಟ್ಟಿನ ಚೀಲ, ಕಾಳಿನ ಚೀಲ, ಸ್ಪಿರಿಟ್ಟಿನ ಕ್ಯಾನು ಎಲ್ಲವನ್ನೂ ಹಾಜರಿ ಕರೆದ ಹಾಗೆ ಎಣಿಸುತ್ತಾರೆ. ನಿನ್ನೆ ಒಂದು ಚೀಲಕ್ಕೆ "ನೆಟ್ಟಗೆ ನಿಲ್ಲು" ಅಂದದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಈಗ ಸುದ್ದಿ. ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ನೀನು "ಇಲಿ ನೋಡ್ಕೋತಾನೆ" ಎಂದು ಮಾತು ಮುಗಿಸುತ್ತೀಯಲ್ಲ, ಇನ್ನು ಮೇಲೆ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ. ನಮ್ಮಲ್ಲಿ ಎರಡು ಮನೆತನದ ಇಲಿಗಳಿವೆ: ಕಪ್ಪು ಮನೆತನ, ಕಂದು ಮನೆತನ. ಪ್ರತಿ ಪಂಜರಕ್ಕೂ ಎರಡೆರಡು ಬಾಟಲಿ ತೂಗುಹಾಕುತ್ತೇವೆ.

ಒಂದರಲ್ಲಿ ನೀರು, ಒಂದರಲ್ಲಿ ಮದ್ಯ,
ಬಡಪಾಯಿ ಇಲಿ ಎರಡರ ಮಧ್ಯ.

ಕುಡಿ ಎನ್ನುವವರಿಲ್ಲ, ಬೇಡ ಎನ್ನುವವರೂ ಇಲ್ಲ. ಕಪ್ಪು ಮನೆತನದವು ನೀರನ್ನು ಬಿಟ್ಟು ಮದ್ಯದ ಕೊಳವೆಗೇ ಬಾಯಿ ಹಾಕುತ್ತವೆ. ಕಂದು ಮನೆತನದವು ಒಂದು ಸಲ ನೆಕ್ಕಿ, ಮೀಸೆ ಒರೆಸಿಕೊಂಡು, ನೀರಿನ ಕಡೆ ನಡೆಯುತ್ತವೆ. ತಲೆಮಾರಿನ ಮೇಲೆ ತಲೆಮಾರು ಹೀಗೇ. ಎಡಕ್ಕೋ ಬಲಕ್ಕೋ ಅಭ್ಯಾಸ ಬೀಳಬಾರದೆಂದು ಸಣ್ಣವ ದಿನವೂ ಬಾಟಲಿಗಳನ್ನು ಅದಲುಬದಲು ಮಾಡುತ್ತಾನೆ, ವಾರಕ್ಕೊಮ್ಮೆ ಅಳೆಯುತ್ತೇವೆ. ಕಪಾಟಿಗೊಂದರಂತೆ ಖಾಲಿ ಪಂಜರಕ್ಕೂ ಬಾಟಲಿ ತೂಗುಹಾಕುತ್ತೇವೆ. ಯಾಕೆಂದು ಕೇಳಿದರೆ ನಮ್ಮ ಮೇಡಂ ಅರ್ಧ ಗಂಟೆ ಹೇಳುತ್ತಾರೆ, ನಿನಗೆ ಆ ಶಿಕ್ಷೆ ಬೇಡ. ಅವರಿಗೆ ನಾವಿಟ್ಟ ಹೆಸರು ಸರಾಸರಿ ಮೇಡಂ. ಚಹಾ ಹೇಗಿದೆ ಎಂದರೂ "ಸರಾಸರಿ" ಎನ್ನುತ್ತಾರೆ.

ಈ ಸಲ ಮೇಡಂ ಒಂದು ಹೊಸ ಆಟ ಹೂಡಿದರು. ಕಪ್ಪು ತಾಯಿ ಹೆತ್ತ ಮರಿಗಳನ್ನು ಕಣ್ಣು ಬಿಡುವ ಮೊದಲೇ ಎತ್ತಿ ಕಂದು ತಾಯಿಯ ಗೂಡಿಗೆ ಹಾಕಿದೆವು. ಬೇರೆ ವಾಸನೆ ಬಂದರೆ ಅವಳು ಕಚ್ಚಿ ಹಾಕುತ್ತಾಳೆ; ಅದಕ್ಕೆ ಅವಳ ಗೂಡಿನ ಹೊಟ್ಟನ್ನೇ ಮರಿಗಳ ಮೈಗೆ ಸವರಿ ಮಲಗಿಸಬೇಕು. ಸಣ್ಣವನ ಕೈ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅವನು ಸವರುತ್ತಿದ್ದರೆ ನನಗೆ ನೀನು ಕಾಣುತ್ತಿದ್ದೆ. ಅಮ್ಮ ತೀರಿಕೊಂಡ ವಾರ, ಅಪ್ಪ ಬಾಗಿಲಲ್ಲೇ ಕುಡಿದು ಬಿದ್ದಿದ್ದಾಗ, ನೀನು ಅವರನ್ನು ದಾಟಿಕೊಂಡು ಒಳಗೆ ಬಂದು, ತೆವಳುವ ಕೂಸಾಗಿದ್ದ ಇವನನ್ನು ನಿನ್ನ ಹಳೆಯ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಹೋದೆಯಲ್ಲ. ನಿನಗಾಗ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಾನು ಅಪ್ಪನ ಹತ್ತಿರವೇ ಉಳಿದೆ, ಆದರೂ ಕುಡಿತ ಕಲಿಯಲಿಲ್ಲ. ಹಾಗಾಗಿ ನನಗೆ ಯಾವ ಪ್ರಯೋಗದಲ್ಲೂ ಜಾಗವಿಲ್ಲ.

ಮರಿಗಳು ದೊಡ್ಡವಾದವು. ಬಾಟಲಿ ತೂಗುಹಾಕಿದೆವು. ಅಕ್ಕ, ಅವು ತಮ್ಮ ಮನೆತನದವು ಕುಡಿಯುವುದರಲ್ಲಿ ಅರ್ಧದಷ್ಟೂ ಕುಡಿಯುತ್ತಿಲ್ಲ. ವಾರದ ಮೇಲೆ ವಾರ ಇದೇ ಉತ್ತರ. ಮೇಡಂ ಕುರ್ಚಿಯಿಂದ ಎದ್ದು ನಿಂತರು. "ಹುಟ್ಟಲ್ಲ ಕಣ್ರೀ, ಮಡಿಲು," ಅಂದರು. ಸರಾಸರಿ ಎನ್ನಲಿಲ್ಲ.

ಸಣ್ಣವನಿಗೆ ನೋಡಿರುವ ಹುಡುಗಿಯ ತಾಯಿ ಕೇಳಿದ್ದನ್ನು ನೀನು ಬರೆದಿದ್ದೆ: "ಹುಡುಗನ ಹೆತ್ತಪ್ಪ ಕುಡಿದೇ ಸತ್ರಂತೆ. ನಾಳೆ ಇವನಿಗೂ ಅದು ಬರಲ್ಲ ಅಂತ ಏನು ಖಾತ್ರಿ?" ಇಗೋ ಖಾತ್ರಿ. ಈ ಕಾಗದವನ್ನೇ ಅವರ ಕೈಗೆ ಕೊಡು. ನಮ್ಮ ಸಣ್ಣವನನ್ನು ಸಾಕಿದ್ದು ಯಾವ ಮನೆ ಎಂದೂ ಹೇಳು. ಕೆಮ್ಮಿನ ಔಷಧಿಯ ಚೀಟಿಯನ್ನೂ ಓದಿ, ಮದ್ಯ ಸೇರಿದ್ದರೆ ಬಚ್ಚಲಿಗೆ ಸುರಿಯುವ ಮೇಷ್ಟರ ಮನೆ. ಹುಡುಗ ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲೇ ತಡೆದು "ಹಾ ಅನ್ನು" ಎಂದು ಭಾವ ಮೂಸಿ ನೋಡಿ ಒಳಗೆ ಬಿಡುತ್ತಿದ್ದದ್ದು. ಭಾವ ಊರಲ್ಲಿಲ್ಲದ ದಿನ ನೀನು. ಎಂಟು ವರ್ಷದ ಹುಡುಗನಿಂದ ಪೆನ್ಸಿಲಿನ ವಾಸನೆ ಬಿಟ್ಟು ಇನ್ನೇನು ಬಂದೀತು ಎಂದು ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ವಿಜ್ಞಾನವೇ ನಿಮ್ಮಿಬ್ಬರ ಪರ ನಿಂತಿದೆ.

ಹುಟ್ಟುವ ಕೂಸಿಗೆ ಹಾಡಲು ಒಂದು ಹಾಡು ಕಟ್ಟಿದ್ದೇನೆ.

ಹುಟ್ಟಿನ ಬಣ್ಣ ಕಪ್ಪು, ಕುಡಿದರೆ ಯಾರದು ತಪ್ಪು?
ಸಾಕಿದ ತಾಯಿ ಕಂದು, ಬೇಡ ಅಂದಳು ಬಂದು.

ಮಗಳಿಗೆ ಸುಖವಾಗಿ ಹೆರಿಗೆಯಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ

*

ಜೂನ್ ೨೬, ಗುರುವಾರ

ಅಕ್ಕ,

ಇಲಿಗಳ ವಿಷಯ ಬರೆದ ಆ ಕಾಗದವನ್ನು ಯಾರಿಗೂ ತೋರಿಸಬೇಡ. ತೋರಿಸಿದ್ದರೆ ಏನಾದರೂ ನೆಪ ಹೇಳಿ ವಾಪಸು ತೆಗೆದುಕೋ.

ಈ ವಾರ ಬಾಗಿಲ ಹತ್ತಿರದ ಕಪಾಟಿನಲ್ಲಿ, ಕಂದು ತಾಯಿ ಸಾಕಿದ ಆ ಸಾಕುಮರಿಗಳ ಪಕ್ಕದಲ್ಲೇ, ಕಂದು ಮನೆತನದ ಕೆಲವು ಇಲಿಗಳನ್ನೂ ಇಟ್ಟಿದ್ದೆವು. ಅಳೆದು ಲೆಕ್ಕ ಹಾಕಿದಾಗ ಮೇಡಂ ನನ್ನನ್ನು ಕರೆದರು.

"ಬನ್ನಿ ಇಲ್ಲಿ. ಈ ಇಲಿಗಳು ಎಷ್ಟು ಕುಡಿದಿವೆ ಓದಿ."

ಓದಿದೆ. ಸೊನ್ನೆಗಿಂತ ಕಡಿಮೆ.

"ಸೊನ್ನೆಗಿಂತ ಕಡಿಮೆ ಹೇಗ್ರೀ ಕುಡಿಯುತ್ತೆ? ಕುಡಿದಿದ್ದನ್ನ ವಾಪಸು ಬಾಟಲಿಗೆ ಉಗಿದಿವೆಯಾ?"

ಖಾಲಿ ಪಂಜರ ಯಾಕೆಂದು ನಿನಗೀಗ ಹೇಳಲೇಬೇಕು. ಬಾಟಲಿಯಿಂದ ತೊಟ್ಟಿಕ್ಕಿ ಹೋಗುವುದು, ಆರಿ ಹೋಗುವುದು ಒಂದಿಷ್ಟು ಇದ್ದೇ ಇರುತ್ತದೆ. ಇಲಿಯೇ ಇಲ್ಲದ ಪಂಜರದ ಬಾಟಲಿಯಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಆ ಕಪಾಟಿನ ಪ್ರತಿ ಇಲಿಯ ಲೆಕ್ಕದಿಂದಲೂ ಕಳೆಯುತ್ತೇವೆ. ಉಳಿದದ್ದು ಇಲಿ ಕುಡಿದದ್ದು. ಬೇರೆ ಕಪಾಟುಗಳ ಖಾಲಿ ಪಂಜರದಲ್ಲಿ ಹೋಗಿರುವುದು ನಾಲ್ಕಾರು ಹನಿ. ಈ ಕಪಾಟಿನದರಲ್ಲಿ ಹೋಗಿರುವುದು ಚಮಚಗಟ್ಟಲೆ, ಅದೂ ವಾರವಾರವೂ. ಹಳೆಯ ಸಂಖ್ಯೆಗಳನ್ನೆಲ್ಲ ತೆಗೆದು ನೋಡಿದೆವು. ಸಾಕುಮರಿಗಳು ಕಡಿಮೆ ಕುಡಿದೇ ಇರಲಿಲ್ಲ, ಅಕ್ಕ. ಯಾರೋ ಕುಡಿದದ್ದನ್ನು ಅವುಗಳ ಪಾಲಿನಿಂದ ನಾವು ಕಳೆದಿದ್ದೆವು.

ಬಾಟಲಿಯನ್ನು ಒಣ ಕಾಗದದ ಮೇಲೆ ತೂಗುಹಾಕಿ ಒಂದು ದಿನ ಬಿಟ್ಟೆವು. ಕಾಗದ ಒದ್ದೆಯಾಗಲಿಲ್ಲ.

"ಸೋರ್ತಿಲ್ಲ," ಅಂದರು ಮೇಡಂ. "ಇದು ಎರಡು ಕಾಲಿನ ಇಲಿ. ಆ ಕೋಣೆಗೆ ಹೋಗೋರು ಯಾರ್ಯಾರು?"

ನಾನು, ಅವರು, ಸಣ್ಣವ. ಇಷ್ಟೇ ಹೇಳಿದೆ. ಮೂವರಲ್ಲಿ ಇಬ್ಬರನ್ನು ಕಳೆದೆ, ಉಳಿದವನು ಒಬ್ಬನೇ.

ತೊಳೆಯುವ ಕೋಣೆಗೆ ಹೋದೆ. ಅವನು ಬಾಟಲಿ ತೊಳೆಯುತ್ತಾ ನಿಂತಿದ್ದ. ಅಲ್ಲಿ ನಡೆದದ್ದನ್ನು ಬರೆಯಲು ಈಗ ಕೈ ಬರುತ್ತಿಲ್ಲ. ವಾಸನೆ ಬರಲಿಲ್ಲ, ಅಷ್ಟು ಹೇಳುತ್ತೇನೆ. ಅಪ್ಪನೂ ಲವಂಗ ಅಗಿದುಕೊಂಡು ಬರುತ್ತಿದ್ದರಲ್ಲ, ವಾಸನೆ ಇಲ್ಲದಿರುವುದು ಯಾವತ್ತು ಸಾಕ್ಷಿಯಾಗಿತ್ತು? ಕೋಣೆಯ ಕೀಲಿ ಕೊಡು ಅಂದೆ. ಕೊಟ್ಟ. ಮನೆಗೆ ಹೋಗು, ಕರೆದಾಗ ಬಾ ಅಂದೆ. ಅವನು ಕೇಳಿದ್ದು ಒಂದೇ ಮಾತು: "ಇವತ್ತು ಬಾಟಲಿ ಯಾರಣ್ಣ ಅದಲುಬದಲು ಮಾಡೋದು?" ಅಷ್ಟು ಹೇಳಿ ಹೊರಟ.

ಯಾರನ್ನು ಬೈಯುವುದು? ನೀವಿಬ್ಬರೂ ಹೊಟ್ಟು ಸವರಿ ಸಾಕಿದಿರಿ. ಕಪ್ಪು ಕಪ್ಪಾಗಿಯೇ ಉಳಿಯಿತು. ಹುಡುಗಿಯ ತಾಯಿ ಕೇಳಿದ್ದು ಸರಿಯಾಗಿಯೇ ಇತ್ತು. ಪ್ರಾಸ ಹೊಳೆಯುತ್ತಿಲ್ಲ, ಹೊಳೆದರೂ ಬರೆಯುವುದಿಲ್ಲ. ಭಾವನಿಗೆ ಇನ್ನೂ ಹೇಳಿಲ್ಲ. ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ.

ನಿನ್ನ ತಮ್ಮ

*

ಜುಲೈ ೪, ಶುಕ್ರವಾರ

ಅಕ್ಕ,

ಮೊಮ್ಮಗಳು ಹುಟ್ಟಿದ ಸುದ್ದಿ ಬಂತು. ಸಂತೋಷದ ಕಾಗದ ಬರೆಯಬೇಕಾದ ದಿನ ಈ ಕಾಗದ ಬರೆಯುತ್ತಿದ್ದೇನೆ. ಮೊದಲು ಬಾಗಿಲು ಹಾಕಿಕೊಂಡು ಕೂತುಕೋ. ಮಗು ಮಲಗಿರುವ ಹೊತ್ತು ನೋಡಿ ಓದು. ಹಿಂದಿನ ಕಾಗದದಲ್ಲಿ ನಾನು ಸಣ್ಣವನ ಬಗ್ಗೆ ಬರೆದದ್ದೆಲ್ಲ ಸುಳ್ಳು. ಅವನು ಕುಡಿದಿಲ್ಲ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ನೀನು ಇನ್ನೊಂದು ಸಾಲಿನಷ್ಟು ಹೊತ್ತೂ ಅದನ್ನು ನಂಬಿಕೊಂಡಿರಬಾರದು.

ಅವನನ್ನು ಕಳುಹಿಸಿದ ಮೇಲೆ ಅವನ ಕೆಲಸ ನನ್ನ ತಲೆಗೆ ಬಂತು. ಸೋಮವಾರ ಮಧ್ಯಾಹ್ನ ಊಟದ ಹೊತ್ತು. ಇಲಿಗಳು ಕತ್ತಲಲ್ಲೇ ಎದ್ದು ತಿಂದು ಕುಡಿಯುವುದರಿಂದ ನಮ್ಮ ಕೋಣೆಯಲ್ಲಿ ಹಗಲನ್ನೇ ರಾತ್ರಿ ಮಾಡಿರುತ್ತೇವೆ. ಹೊರಗೆ ಉರಿಬಿಸಿಲು, ಒಳಗೆ ಒಂದು ಕೆಂಪು ದೀಪ. ನಾನು ಹಿಂದಿನ ಕಪಾಟಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಟಲಿ ಬದಲಾಯಿಸುತ್ತಿದ್ದೆ. ಬಾಗಿಲು ತೆರೆಯಿತು. ಭಾವ.

ನನಗೇನೂ ಅನ್ನಿಸಲಿಲ್ಲ. ಮೂಲೆಯಲ್ಲಿಡುವ ಹೊಟ್ಟಿನ ಚೀಲಗಳನ್ನು ಎಣಿಸಲು ಅವರು ದಿನಾ ಬರುತ್ತಾರೆ. ಮೇಡಂ ಕೇಳಿದಾಗ ಅವರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಗೋಡೆಯ ಗಡಿಯಾರವನ್ನು ಹಿಡಿಯದ ಹಾಗೆ. ಚೀಲಗಳನ್ನು ಜೋರಾಗಿ ಎಣಿಸಿದರು. ಆಮೇಲೆ ಬಾಗಿಲ ಹತ್ತಿರದ ಕಪಾಟಿಗೆ ಹೋದರು. ಖಾಲಿ ಪಂಜರದ ಮದ್ಯದ ಬಾಟಲಿ ಕಳಚಿದರು. ಜೇಬಿನಿಂದ ಚಮಚ ತೆಗೆದರು. ನಿನ್ನ ಅಡುಗೆಮನೆಯದೇ, ಹಿಡಿ ಸೊಟ್ಟಗಾಗಿರುವ ಆ ಔಷಧಿ ಚಮಚ. ಬಗ್ಗಿಸಿ, ಅಳೆದು, ಎರಡು ಚಮಚ ಕುಡಿದರು. ಕೊಳವೆಯನ್ನು ಕರವಸ್ತ್ರದಿಂದ ಒರೆಸಿ ಬಾಟಲಿಯನ್ನು ಮತ್ತೆ ತೂಗುಹಾಕಿ, ಅದರ ಚೀಟಿ ಮುಂದಕ್ಕೆ ಕಾಣುವ ಹಾಗೆ ತಿರುಗಿಸಿದರು. ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ನಿಂತರು, ಮಗ್ಗಿ ಮರೆತ ಹುಡುಗ ನಿಂತ ಹಾಗೆ.

ನನ್ನ ಕೈಯಲ್ಲಿದ್ದ ಬಾಟಲಿ ಪಂಜರಕ್ಕೆ ತಗಲಿ ಸದ್ದಾಯಿತು.

"ಯಾರದು?"

"ನಾನು, ಭಾವ."

"ಚೀಲ ಎಣಿಸ್ತಿದ್ದೆ," ಅಂದರು ಗೋಡೆಗೆ.

"ಎಷ್ಟಿವೆ?" ಅಂದೆ. ಎಷ್ಟಿವೆ ಎಂದು ಅವರು ಹೇಳಿದರು, ಸರಿಯಾಗಿಯೇ ಹೇಳಿದರು.

ನಾನು ಎದ್ದು ಹತ್ತಿರ ಹೋದೆ. ಕೆಂಪು ಬೆಳಕಿನಲ್ಲಿ ಅವರ ಮುಖ ಯಾರದೋ ಮುಖದ ಹಾಗಿತ್ತು. ಮೂವತ್ತು ವರ್ಷದಿಂದ ನಾನು ಎದುರಲ್ಲಿ ಕಾಲ ಮೇಲೆ ಕಾಲು ಹಾಕದ ಮನುಷ್ಯ.

"ಕದ್ದಿಲ್ಲ ಕಣೋ," ಅಂದರು. "ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಅಲ್ಲಿ ಕ್ಯಾನುಗಟ್ಟಲೆ ಇದೆ. ಒಂದು ತೊಟ್ಟು ಮುಟ್ಟಿದ್ರೆ ಕೇಳು. ಇದು ವಾರದ ಕೊನೇಲಿ ಮೋರಿಗೆ ಚೆಲ್ಲೋದು. ಯಾರ ಪಾಲೂ ಅಲ್ಲ."

"ಇಲಿ ಬಾಟಲಿ, ಭಾವ."

"ಈ ಪಂಜರದಲ್ಲಿ ಇಲಿ ಎಲ್ಲಿದೆ? ಎಂಜಲು ಕೂಡ ಅಲ್ಲ ಇದು. ಇಲಿಗಳಿರೋ ಬಾಟಲಿ ಮುಟ್ಟಿದ್ರೆ ನಿಮ್ಮ ಲೆಕ್ಕ ಕೆಡುತ್ತೆ ಅಂತ ನನಗೆ ಗೊತ್ತಿಲ್ವಾ?"

"ಕುಡಿದ ಮೇಲೆ ಅಷ್ಟು ನೀರು ಸುರಿದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಅವರು ನನ್ನನ್ನು ಗದರುವ ಹಾಗೆ ನೋಡಿದರು. "ಅದು ಮೋಸ," ಅಂದರು.

ಯಾವಾಗಿನಿಂದ ಎಂದು ಕೇಳಿದೆ. ನೀನು ಹೋದ ಮೇಲೆ ಅಂದರು. ಯಾಕೆ ಎಂದು ಕೇಳಿದೆ. ಮೇಷ್ಟರು ಉತ್ತರ ಹುಡುಕಿದರು. "ಮಾವನೋರು ಅದರಲ್ಲಿ ಅಂಥಾದ್ದು ಏನು ಕಂಡಿದ್ರು ಅಂತ ನೋಡ್ಬೇಕು ಅನ್ನಿಸ್ತು. ಮೊದಲನೇ ದಿನ ನೋಡೋಕೆ ಕುಡಿದೆ. ಆಮೇಲೆಲ್ಲ ನೋಡೋಕೆ ಅಂತ ಹೇಳ್ಕೊಂಡು ಕುಡಿದೆ."

"ಏನು ಕಂಡಿತು?"

"ಏನಿಲ್ಲ. ಸಂಜೆ ಬೀಗ ತೆಗೆದು ಒಳಗೆ ಹೋದಾಗ ಮನೆ ಅಷ್ಟು ದೊಡ್ಡದಾಗಿ ಕಾಣಲ್ಲ, ಅಷ್ಟೇ."

ಎರಡು ಚಮಚ, ಅಕ್ಕ. ಅಪ್ಪ ಬಾಯಿ ಮುಕ್ಕಳಿಸುತ್ತಿದ್ದದ್ದಕ್ಕೂ ಸಾಲದಷ್ಟು. ಎರಡು ಚಮಚಕ್ಕೆ ಇಷ್ಟು ಉದ್ದದ ಕಾಗದ ಬೇಕೇ ಎಂದು ನೀನು ಕೇಳಬಹುದು. ಬಾಗಿಲಲ್ಲಿ ಬಿದ್ದಿದ್ದ ಅಪ್ಪನನ್ನು ನೋಡಿ ನಾನು ಯಾವತ್ತೂ ಬೆಚ್ಚಲಿಲ್ಲ. ಅವರು ಅಲ್ಲೇ ಇರುತ್ತಿದ್ದರು. ನಿಂತಿದ್ದ ಭಾವನನ್ನು ನೋಡಿ ಬೆಚ್ಚಿಬಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಸೊಟ್ಟ ಹಿಡಿಯ ಚಮಚ ಕಾಣುತ್ತದೆ.

ಖಾಲಿ ಪಂಜರದ ಲೆಕ್ಕ ಅವರಿಗೆ ತಿಳಿದಿರಲಿಲ್ಲ. ಇಲಿಯೇ ಇಲ್ಲದ ಕಡೆ ಲೆಕ್ಕ ಏನಿದ್ದೀತು ಎಂದುಕೊಂಡಿದ್ದರಂತೆ. ನಾನು ಹೇಳಿದೆ: ಅದರಲ್ಲಿ ಹೋದದ್ದನ್ನು ಉಳಿದ ಎಲ್ಲದರಿಂದ ಕಳೆಯುತ್ತೇವೆ, ಭಾವ. ಎರಡನೇ ಸಲ ಹೇಳಬೇಕಾಗಲಿಲ್ಲ. ಸಾವಿರ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿದವರು. ಕೈ ಚಾಚಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಹೊಟ್ಟಿನ ಚೀಲದ ಮೇಲೆ ಕೂತರು.

"ಹಾಗಾದ್ರೆ ಆ ಸಾಕುಮರಿಗಳು..."

"ಹೌದು."

"ನೀನು ಅಕ್ಕನಿಗೆ ಬರೆದ ಕಾಗದ..."

"ಹೌದು."

"ಹುಡುಗಿ ಮನೆಯವರು ಅದನ್ನ ಓದಿಬಿಟ್ಟಿದ್ದಾರಂತೆ ಕಣೋ, ಅವಳು ಫೋನಲ್ಲಿ ಹೇಳಿದ್ಲು," ಅಂದರು. ಆಮೇಲೆ ಏನೋ ಹೊಳೆದವರ ಹಾಗೆ ತಲೆ ಎತ್ತಿದರು. "ಇಲ್ಲಿ ನೀನ್ಯಾಕೆ ಬಾಟಲಿ ಬದಲಾಯಿ‌ಸ್ತಿದ್ದೀಯ? ಸಣ್ಣವ ಎಲ್ಲಿ? ಕೆಲಸ ಜಾಸ್ತಿ ಇದೆ, ವ್ಯಾನಿನ ಡ್ರೈವರ್ ಕೋಣೇಲಿ ಮಲಗ್ತೀನಿ ಅಂತ ನಾಲ್ಕು ದಿನದಿಂದ ಮನೆಗೇ ಬಂದಿಲ್ಲ."

ಹೇಳಿದೆ. ಹೇಳದೆ ಇರುವ ದಾರಿ ಇರಲಿಲ್ಲ.

"ಅವನಿಗೆ ಗೊತ್ತಿತ್ತು," ಅಂದರು. "ಒಂದಿನ ತೊಳೆದ ಬಾಟಲಿಗಳ ತಟ್ಟೆ ಹಿಡ್ಕೊಂಡು ಒಳಗೆ ಬಂದ. ನಾನು ಚಮಚ ಬಾಯಲ್ಲಿಟ್ಟಿದ್ದೆ. ನೋಡ್ದ. ತಟ್ಟೆ ಕೆಳಗಿಟ್ಟು ಹೊರಗೆ ಹೋದ. ಸಂಜೆ ಅಡುಗೆ ಮಾಡಿ ಬಡಿಸ್ದ. ಒಂದು ಮಾತು ಆಡಲಿಲ್ಲ. ಆವತ್ತಿಂದ ಸಾರಿಗೆ ಉಪ್ಪು ಕಡಿಮೆ ಆದ್ರೂ ನಾನೂ ಏನೂ ಅಂದಿಲ್ಲ."

ಅವರು ಎದ್ದರು. ಅಂಗಿಗೆ ಅಂಟಿದ ಹೊಟ್ಟು ಕೊಡವಿಕೊಂಡರು. ನಾನು ಬೇಡ ಎನ್ನುವ ಮೊದಲೇ ನೇರವಾಗಿ ಮೇಡಂ ಕೋಣೆಗೆ ಹೋಗಿ, ಕೂರಿ ಎಂದರೂ ಕೂರದೆ, ಎಲ್ಲವನ್ನೂ ಒಪ್ಪಿಸಿದರು. ಚಮಚವನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ದಿನಕ್ಕೆರಡು. ನಿಮ್ಮ ಲೆಕ್ಕ ಸರಿಮಾಡಿಕೊಳ್ಳೋಕೆ ಬೇಕಾಗಬಹುದು," ಅಂದರು. ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಉಗ್ರಾಣದ ಕೀಲಿ ವಾಪಸು ಇಸಿದುಕೊಂಡರು. ಡಾಕ್ಟರೊಬ್ಬರ ಹೆಸರು ಬರೆದು ಕೊಟ್ಟರು. ಭಾವ ಹೋದ ಮೇಲೆ ನನಗೆ ಹೇಳಿದ್ದು ಇಷ್ಟು: "ನಮ್ಮ ಮಡಿಲು ಹೋಯ್ತು ಕಣ್ರೀ. ಸರಿಯಾದ ಲೆಕ್ಕ ಬಂದಿದೆ. ಸಾಕಿದ ಮರಿಗಳು ಹೆತ್ತವರಷ್ಟೇ ಕುಡಿಯುತ್ತವೆ. ಹನಿ ಕಡಿಮೆ ಇಲ್ಲ."

ಇಲಿಗಳ ಮಟ್ಟಿಗೆ ಹುಟ್ಟು ಗೆದ್ದಿತು. ನಮ್ಮ ಮನೆಯ ಮಟ್ಟಿಗೆ ಏನಾಯಿತು ಎಂದು ನಾನು ಸೋಮವಾರದಿಂದ ಯೋಚಿಸುತ್ತಿದ್ದೇನೆ. ಕುಡುಕನ ಮಗ ಮುಟ್ಟಲಿಲ್ಲ. ಹಿಂದೆ ಮುಂದೆ ಯಾರೂ ಕುಡಿಯದ ವಂಶದವರು ಚಮಚ ಹಿಡಿದರು. ಯಾವ ಕಪಾಟಿನಲ್ಲಿಡಲಿ ನಮ್ಮನ್ನು? ಮೇಡಂ ಅವರನ್ನು ಕೇಳಿದೆ. "ಮನುಷ್ಯರಿಗೆ ಎರಡೇ ಬಾಟಲಿ ಇರಲ್ವಲ್ರೀ," ಅಂದು ಕೆಲಸಕ್ಕೆ ಕೂತರು.

ಆವತ್ತೇ ಡ್ರೈವರ್ ಕೋಣೆಗೆ ಹೋದೆ. ಸಣ್ಣವ ಮಂಚದ ತುದಿಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ನನ್ನನ್ನು ನೋಡಿ ಎದ್ದು ಕೂರಲು ಜಾಗ ಬಿಟ್ಟ. ಆ ಜಾಗದಲ್ಲಿ ಕೂರುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

"ನಾನಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನೋ?"

"ಕೇಳಿದ್ರೆ ಹೇಳ್ತಿದ್ದೆ," ಅಂದ. ದಾರ ಕಡಿದು ಗುಂಡಿ ಎಳೆದು ನೋಡಿದ. "ನೀನು ಕೇಳಲಿಲ್ಲಣ್ಣ."

"ಭಾವನ ವಿಷಯವಾದ್ರೂ..."

"ಹೇಳಿದ್ರೆ ನಂಬ್ತಿದ್ಯಾ?"

ಅವನು ನನ್ನ ಉತ್ತರಕ್ಕಾಗಿ ಕಾಯಲಿಲ್ಲ. "ನಾನಿಲ್ಲದ ದಿನ ಬಾಟಲಿ ಬದಲಾಯಿಸೋದು ಮರೀಲಿಲ್ಲ ತಾನೇ? ಮೇಲಿನ ಸಾಲು ನಿನ್ನ ಕಣ್ಣಿಗೆ ಬೀಳಲ್ಲ," ಅಂದ. ಮೇಲಿನ ಸಾಲು ನಾನು ಎರಡು ದಿನ ಮರೆತಿದ್ದೆ.

ಮಾರನೆಯ ದಿನ ಕೆಲಸಕ್ಕೆ ಬಂದ. ಬಾಟಲಿಯ ವಿಷಯ ಬಿಟ್ಟು ನನ್ನ ಹತ್ತಿರ ಬೇರೆ ಮಾತಿಲ್ಲ. ಮನೆಗೆ ಹೋಗುತ್ತಿಲ್ಲ. ಭಾವ ಅವನ ಊಟದ ಡಬ್ಬಿ ತಂದು ಗೇಟಿನಲ್ಲಿ ಕೊಟ್ಟು ಹೋಗುತ್ತಾರೆ, ತಾವೇ ಮಾಡಿದ ಅಡುಗೆ. ಅವನು ಪೂರ್ತಿ ತಿಂದು ಡಬ್ಬಿ ತೊಳೆದು ಕಳುಹಿಸುತ್ತಾನೆ. ಅದೊಂದೇ ಈಗ ಅವರಿಬ್ಬರ ನಡುವೆ ಓಡಾಡುತ್ತಿರುವುದು. ಡಾಕ್ಟರ ಹತ್ತಿರ ಭಾವನನ್ನು ನಾನು ಕರೆದುಕೊಂಡು ಹೋದೆ. ಹೆದರುವಂಥದ್ದಿಲ್ಲ, ಆದರೆ ಒಬ್ಬರೇ ಇರಬಾರದು ಅಂದರು. ಅವರೀಗ ನನ್ನ ಮನೆಯಲ್ಲಿದ್ದಾರೆ. ನಿನಗೆ ತಾವೇ ಬರೆಯಬೇಕೆಂದು ಕೂತು, ನಿನ್ನ ಹೆಸರು ಬರೆದು, ನಿಲ್ಲಿಸುತ್ತಾರೆ. ನೀನು ಬಂದ ಮೇಲೆ ಬೈಯಿ, ಬೈಯದಿದ್ದರೆ ಅವರಿಗೆ ಇನ್ನೂ ಕಷ್ಟ.

ಮದುವೆಯ ಮಾತು. ಸಣ್ಣವ ನನ್ನ ಕೈಲಿ ನಿನಗೆ ಬರೆಸುತ್ತಿರುವುದು ಇದೊಂದೇ, ಅವನ ಮಾತಿನಲ್ಲೇ ಕೊಡುತ್ತೇನೆ. "ಆ ಕಾಗದ ವಾಪಸು ತಗೊಳ್ಳೋಕೆ ಅಕ್ಕನಿಗೆ ಹೇಳು. ನೆಪ ಬೇಡ, ಲೆಕ್ಕ ತಪ್ಪಾಗಿತ್ತು ಅಂತಲೇ ಹೇಳಲಿ. ನಮ್ಮಪ್ಪ ಕುಡಿದು ಸತ್ತಿದ್ದು ನಿಜ, ನಾನು ಕುಡಿಯಲ್ಲ ಅನ್ನೋದೂ ನಿಜ. ಇಷ್ಟಕ್ಕೆ ಒಪ್ಪೋದಾದ್ರೆ ಮದುವೆ. ಇಲಿಗಳ ಸಾಕ್ಷಿ ಮೇಲೆ ನನಗೆ ಹೆಣ್ಣು ಬೇಡ." ಹಾಗೆಯೇ ಹೇಳು, ಅಕ್ಕ. ಭಾವನ ವಿಷಯವನ್ನು ಅವರಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಮಗುವಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಬಾಣಂತಿ ಚೆನ್ನಾಗಿ ನಿದ್ದೆ ಮಾಡಲಿ. ಹಿಂದಿನ ಸಲದ ಹಾಡನ್ನು ಕೂಸಿಗೆ ಹಾಡಬೇಡ. ಬೇರೆ ಕಟ್ಟುತ್ತೇನೆ, ಅದರಲ್ಲಿ ಬಣ್ಣ ಇರುವುದಿಲ್ಲ. ನೀನು ನೂರು ಕಾಲ ಗಟ್ಟಿಯಾಗಿರು. ನಮ್ಮ ಮೂವರಿಗೂ ನೀನು ಬೇಕು.

ನಿನ್ನ ತಮ್ಮ

ಮರೆತದ್ದಲ್ಲ, ಬರೆಯದೆ ಉಳಿಸಿಕೊಂಡದ್ದು: ತೊಳೆಯುವ ಕೋಣೆಯಲ್ಲಿ ಏನು ನಡೆಯಿತೆಂದು ನಾನು ಹೇಳಲಿಲ್ಲ. ನಾನು ಒಳಗೆ ಹೋಗಿ ಅವನ ಹತ್ತಿರ ನಿಂತೆ. ಬಾಯಿ ತೆರೆದಿರಲಿಲ್ಲ, ಒಂದು ಶಬ್ದ ಆಡಿರಲಿಲ್ಲ, ಸುಮ್ಮನೆ ಮುಖ ನೋಡಿದೆ. ಅವನು ನಲ್ಲಿ ನಿಲ್ಲಿಸಿದ. ಒದ್ದೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಈಗ ಅವನು ನನಗಿಂತ ಎತ್ತರ, ನಿನಗೆ ಗೊತ್ತಲ್ಲ. ನನ್ನ ಮೂಗಿನ ಮಟ್ಟಕ್ಕೆ ಬರುವ ಹಾಗೆ ಮಂಡಿ ಬಗ್ಗಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದು "ಹಾ" ಅಂದ. ಹೊಸ್ತಿಲಲ್ಲಿ ನಿಂತ ಎಂಟು ವರ್ಷದ ಹುಡುಗ ಅನ್ನುತ್ತಿದ್ದನಲ್ಲ, ಅದೇ ಥರ, ಅಷ್ಟೇ ಉದ್ದ. ಅವನ ಮೈಯಿಂದ ಸಾಬೂನಿನ ನೀರಿನ ವಾಸನೆ, ಬಾಯಿಂದ ಬೆಳಗಿನ ಚಹಾ. ನಾನು ಒಂದು ಸಲ ಮೂಸಿದೆ, ಅಕ್ಕ. ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಅನ್ನು ಅಂದೆ. ಅಂದ.